ಮಾಡಿನ ಮೇಲಿನ ಆಂಟೆನಾ ನಿಜಕ್ಕೂ ಕೆಟ್ಟಿತ್ತೇ?

ಮೀನಿನ ಮುಳ್ಳಿನಂತೆ ನಮ್ಮ ಮಾಡುಗಳ ಮೇಲೆ ನಿಂತಿದ್ದ ಟಿ.ವಿ. ಆಂಟೆನಾದ ಮೂಲ ಜಪಾನ್. 1926ರಲ್ಲಿ ಶಿಂತಾರೊ ಉಡಾ, ಹಿಡೆತ್ಸುಗು ಯಾಗಿ ಅದನ್ನು ಲೋಕಕ್ಕೆ ಕೊಟ್ಟರು. ಅದರ ಸಾಲು ಕೊಳವೆಗಳಲ್ಲಿ ವಯರ್ ಹೋಗುವುದು ಒಂದರಿಂದ ಮಾತ್ರ. ಉಳಿದವು ಒಂದೇ ದಿಕ್ಕಿನ ಅಲೆಯನ್ನು ಅದಕ್ಕೆ ಸೇರಿಸಿಕೊಡುತ್ತವೆ. ಆದ್ದರಿಂದಲೇ ಗಾಳಿಗೆ ತಿರುಗಿದರೆ ಪರದೆ ತುಂಬ ಚುಕ್ಕಿ. ಒಬ್ಬರು ಮಾಡು ಹತ್ತಿ ತಿರುಗಿಸಬೇಕು, ಒಳಗಿದ್ದವರು “ಬಂತು, ಬಂತು” ಎಂದು ಕೂಗಬೇಕು.

ಕಡಲಿನ ಉಪ್ಪುಗಾಳಿಗೆ ಅಲ್ಯೂಮಿನಿಯಂ ಕೊಳವೆ ಬೇಗ ಸೋಲುವುದಿಲ್ಲ. ಮೊದಲು ಕೆಡುತ್ತಿದ್ದುದು ವಯರ್ ಕಟ್ಟಿದ ಸ್ಕ್ರೂ, ಮಳೆಬಿಸಿಲಿಗೆ ಬಿರುಕುಬಿಟ್ಟ ಚಪ್ಪಟೆ ವಯರ್. ಅವೆರಡನ್ನು ಬದಲಿಸಿದರೆ ಹಳೆಯ ಆಂಟೆನಾವೂ ಚೆನ್ನಾಗಿಯೇ ಹಿಡಿಯುತ್ತಿತ್ತು.

ಕೊನೆಗೆ ನಿಂತದ್ದು ಪ್ರಸಾರ. 2022ರ ಹೊತ್ತಿಗೆ ದೂರದರ್ಶನ ತನ್ನ ಹೆಚ್ಚಿನ ಅನಲಾಗ್ ಪ್ರಸಾರ ಕೇಂದ್ರಗಳನ್ನು ಮುಚ್ಚಿತು. ಗುಜರಿಗೆ ಹೋದ ಎಷ್ಟೋ ಆಂಟೆನಾಗಳು ಆಗಲೂ ಸರಿಯಾಗಿಯೇ ಇದ್ದವು.