ನೀಲಗಿರಿಗೆ ಕುಟುಂಬ ಪ್ರವಾಸ: ಯಾವ ತಿಂಗಳು, ಯಾವ ದಾರಿ, ಯಾವ ಮಗ್ಗುಲು

ರಜೆ ಬಂತೆಂದರೆ ತಾಳವಾಡಿಯಿಂದ ಸೊಲ್ಲಾಪುರದವರೆಗೆ ನಮ್ಮ ಸದಸ್ಯರ ಮನೆಗಳಲ್ಲಿ ಊಟಿಯ ಮಾತು ಏಳುತ್ತದೆ. ಹೋಗಿ ಬಂದವರ ದೂರು ಮಾತ್ರ ಹೆಚ್ಚುಕಡಿಮೆ ಒಂದೇ: ಬೆಟ್ಟ ನೋಡಿದ್ದಕ್ಕಿಂತ ಗಾಡಿಯಲ್ಲಿ ಕೂತದ್ದೇ ಜಾಸ್ತಿ. ಕೆರೆ, ಉದ್ಯಾನ, ದೊಡ್ಡಬೆಟ್ಟ, ಕೂನೂರು, ಪೈಕಾರ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಅವಸರವೇ ಇದಕ್ಕೆ ಕಾರಣ. ನೀಲಗಿರಿಗೆ ಎರಡು ಮಗ್ಗುಲುಗಳಿವೆ. ತಿಂಗಳು ನೋಡಿ ಒಂದು ಮಗ್ಗುಲನ್ನು ಆರಿಸಿಕೊಂಡು ಎರಡು ರಾತ್ರಿ ಅಲ್ಲೇ ತಂಗಿದರೆ ಮಕ್ಕಳಿಗೂ ಹಿರಿಯರಿಗೂ ಸುಖ. ವಾಹನ, ಕಸ ಎರಡರಿಂದಲೂ ನಲುಗಿರುವ ಬೆಟ್ಟಕ್ಕೂ ಅಷ್ಟು ಹಗುರ. ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ನಮಗೆ ಅರ್ಥವಾಗುವ ಹೆಸರುಗಳು

ನೀಲಗಿರಿ ತಮಿಳುನಾಡಿನ ಜಿಲ್ಲೆಯಾದರೂ ಅಲ್ಲಿನ ಹಲವು ಊರುಗಳ ಹೆಸರು ಕನ್ನಡಿಗರಿಗೆ ವಿವರಣೆ ಬೇಡುವುದಿಲ್ಲ. ದೊಡ್ಡಬೆಟ್ಟ, ಹುಲಿಕಲ್ಲು, ಕಲ್ಲಹಟ್ಟಿ ಎಂದರೆ ಸಾಕು, ಮಕ್ಕಳೇ ಅರ್ಥ ಹೇಳುತ್ತಾರೆ. ಬೆಟ್ಟದ ದೊಡ್ಡ ಕೃಷಿಕ ಸಮುದಾಯವಾದ ಬಡಗರ ಹೆಸರಿನಲ್ಲಿರುವುದು ಉತ್ತರ ದಿಕ್ಕಿಗೆ ನಾವು ಹೇಳುವ ‘ಬಡಗು’. ಮೈಸೂರು ಸೀಮೆಯಿಂದ, ಅಂದರೆ ಉತ್ತರದಿಂದ, ಶತಮಾನಗಳ ಹಿಂದೆ ಬಂದವರು ಎಂಬುದು ಅವರಲ್ಲಿ ಉಳಿದುಬಂದ ನೆನಪು. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಆದರೂ ಅದನ್ನು ಕನ್ನಡದ ಒಂದು ಬಗೆ ಎಂದು ಅವರೆದುರು ತೀರ್ಪು ಕೊಡಲು ಹೋಗಬೇಡಿ. ಬಡಗು ಭಾಷೆ ತಮ್ಮದೇ ಸ್ವತಂತ್ರ ಭಾಷೆ ಎಂಬ ಅಭಿಮಾನ ಅವರಿಗಿದೆ. ಗಡಿನಾಡಿನಲ್ಲಿ ಬದುಕುವ ನಮಗೆ ಈ ಅಭಿಮಾನ ಹೊಸದೇನಲ್ಲ.

ನಂಟು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ತೋಡರನ್ನು ಬೆದರಿಸಿ ನೀಲಗಿರಿಯನ್ನು ಹಿಡಿದ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಮೈಸೂರಿನ ಕಡೆಯಿಂದ ಬೆಟ್ಟ ಹತ್ತುವವರು ದಾರಿಯಲ್ಲಿ ಮಕ್ಕಳಿಗೆ ಹೇಳಬಹುದಾದ ಕಥೆಯಿದು.

ತಿಂಗಳು ನೋಡಿ ಮಗ್ಗುಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಪಡುವಣ ಮಗ್ಗುಲಿಗೆ ಬಡಿಯುತ್ತದೆ. ಗೂಡಲೂರು, ಪೈಕಾರ, ಅವಲಾಂಚಿ ಮಳೆಯಲ್ಲಿ ಮುಳುಗಿರುವಾಗ ಮೂಡಣದ ಕೋತಗಿರಿಯಲ್ಲಿ ಮಳೆ ಕಡಿಮೆ. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ಭಾಗದವರೆಗೆ ಹಿಂಗಾರು. ಆಗ ಮಳೆಯ ಸರದಿ ಕೂನೂರು, ಕೋತಗಿರಿಗಳದು. ಈ ತಿಂಗಳುಗಳಲ್ಲಿ ಮೇಟ್ಟುಪಾಳ್ಯಂ ಕಡೆಯ ಘಾಟಿಯಲ್ಲಿ ಮಣ್ಣು ಕುಸಿದು ರೈಲು ರದ್ದಾಗುವುದುಂಟು. ಹಾಗಾಗಿ ಆಗಸ್ಟ್ ರಜೆಗೆ ಕೋತಗಿರಿ, ದಸರಾ ದೀಪಾವಳಿಗೆ ಊಟಿ ಮತ್ತು ಪಡುವಣ ಮಗ್ಗುಲು ಎಂದಿಟ್ಟುಕೊಳ್ಳಿ.

ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಆಕಾಶ ತಿಳಿಯಾಗಿರುತ್ತದೆ. ಆದರೆ ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮ ಕಟ್ಟುವಷ್ಟು ಚಳಿ. ಉಬ್ಬಸವಿರುವವರು, ಹಸುಗೂಸುಗಳು ಜೊತೆಗಿದ್ದರೆ ಅದಕ್ಕಿಂತ ತಗ್ಗಿನ ಕೂನೂರು ಅಥವಾ ಕೋತಗಿರಿಯಲ್ಲಿ ತಂಗುವುದು ಮೇಲು. ಏಪ್ರಿಲ್, ಮೇ ತಿಂಗಳಲ್ಲಿ ಹವೆ ಹಿತ, ಜನಸಂದಣಿ ಅತಿ. ಊಟಿಯ ಪುಷ್ಪ ಪ್ರದರ್ಶನ, ಕೂನೂರಿನ ಹಣ್ಣು ಪ್ರದರ್ಶನ ನಡೆಯುವುದು ಮೇ ತಿಂಗಳಲ್ಲೇ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಿ ಕುರಿಂಜಿ 2018ರಲ್ಲಿ ಅರಳಿತ್ತು. ಅದರ ಮುಂದಿನ ಸರದಿ 2030.

ದಾರಿಗಳು, ಗೇಟುಗಳು

ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಬರುವವರಿಗೆ ಬಂಡೀಪುರ, ಮುದುಮಲೆ ಕಾಡಿನ ರಸ್ತೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ವಾಹನ ಸಂಚಾರವಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳಿಂದ ಬೆಂಗಳೂರಿನ ತನಕ ರೈಲಿನಲ್ಲಿ ಬರುವವರು ಅದೇ ದಿನ ಬೆಟ್ಟ ಹತ್ತುವ ಯೋಚನೆ ಬಿಟ್ಟು ಮೈಸೂರಿನಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು. ತೆಪ್ಪಕಾಡಿನಲ್ಲಿ ರಸ್ತೆ ಕವಲೊಡೆಯುತ್ತದೆ. ಮಸಿನಗುಡಿ, ಕಲ್ಲಹಟ್ಟಿ ದಾರಿ ಹತ್ತಿರವಾದರೂ ತೀರ ಕಡಿದು, 36 ಹೇರ್‌ಪಿನ್ ತಿರುವುಗಳು. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರಿಗೆ ಗೂಡಲೂರಿನ ದಾರಿಯೇ ಸಮಾಧಾನ. ವಯನಾಡಿನವರಿಗೂ ಗೂಡಲೂರೇ ಬಾಗಿಲು.

ತಾಳವಾಡಿಯವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ, ಮೇಟ್ಟುಪಾಳ್ಯಂ ಮೂಲಕ ಕೋತಗಿರಿ ಸೇರಬಹುದು. ಅಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಘಾಟಿಯನ್ನು ಹಗಲಲ್ಲೇ ದಾಟಿ. ಹೊಸೂರಿನವರಿಗೆ ಸೇಲಂ ದಾರಿ. ಕಾಸರಗೋಡಿನವರು ರೈಲಿನಲ್ಲಿ ಕೊಯಮತ್ತೂರಿಗೆ ಬಂದರೆ ಮೇಟ್ಟುಪಾಳ್ಯಂ ಹತ್ತಿರ.

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ಖಾಸಗಿ ವಾಹನಗಳಿಗೆ ಇ-ಪಾಸ್ ಬೇಕು. ಇದಕ್ಕೆ ಶುಲ್ಕವಿಲ್ಲ. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಹಾಕಲಾಗಿತ್ತು. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಪಾಸಿನ ತಾಪತ್ರಯವಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಕೋಣೆ ಕಾದಿರಿಸುವ ಮೊದಲೇ ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಿ.

ಪುಟಾಣಿ ರೈಲು

ಮೇಟ್ಟುಪಾಳ್ಯಂನಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. 2005ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಟ್ಟು 46 ಕಿ.ಮೀ., 208 ತಿರುವು, 16 ಸುರಂಗ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲುಪಟ್ಟಿಯಿದೆ; ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಕಡಿದಾದ ಕಡೆಯಲ್ಲಿ 12 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಇಡೀ ದಾರಿ ಹತ್ತಲು ಐದು ಗಂಟೆ ಹಿಡಿಯುತ್ತದೆ, ಟಿಕೆಟ್ ಬಹಳ ಮೊದಲೇ ಮುಗಿಯುತ್ತದೆ. ಚಿಕ್ಕ ಮಕ್ಕಳಿರುವವರು ಕೂನೂರಿನಿಂದ ಊಟಿಯವರೆಗಿನ ತುಣುಕನ್ನಷ್ಟೇ ಆರಿಸಿಕೊಳ್ಳಬಹುದು. ದಿನಕ್ಕೆ ಒಂದಕ್ಕಿಂತ ಹೆಚ್ಚು ಗಾಡಿಗಳಿವೆ, ಕೇತಿ ಕಣಿವೆಯ ನೋಟವೂ ಸಿಗುತ್ತದೆ.

ಎರಡು ದಿನಕ್ಕೆ ಎರಡು ಮಾದರಿ

ಊಟಿ ಮಗ್ಗುಲು: ಮೊದಲ ದಿನ ಬೆಳಿಗ್ಗೆ 1848ರಲ್ಲಿ ಶುರುವಾದ ಸರ್ಕಾರಿ ಸಸ್ಯೋದ್ಯಾನ. ಸುಮಾರು 2 ಕೋಟಿ ವರ್ಷ ಹಳೆಯದೆನ್ನಲಾದ ಕಲ್ಲಾದ ಮರದ ಕಾಂಡ ಅಲ್ಲಿದೆ. ಮಕ್ಕಳು ಓಡಾಡಲು ಬೇಕಾದಷ್ಟು ಹುಲ್ಲುಹಾಸು. ಮಧ್ಯಾಹ್ನ ಬಿಡುವು. ಎರಡನೇ ದಿನ ಮೋಡ ಮುಚ್ಚುವ ಮೊದಲೇ 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಆಮೇಲೆ ಪೈಕಾರ.

ಕೋತಗಿರಿ, ಕೂನೂರು ಮಗ್ಗುಲು: ಒಂದು ದಿನ ಕೊಡನಾಡು ನೋಟದ ತಾಣ ಮತ್ತು ಕನ್ನೇರಿಮುಕ್ಕಿನಲ್ಲಿರುವ ಜಾನ್ ಸಲ್ಲಿವನ್ನನ ಬಂಗಲೆ. ಮರುದಿನ ಕೂನೂರಿನ ಸಿಮ್ಸ್ ಪಾರ್ಕ್. ನಡೆಯಬಲ್ಲ ಮಕ್ಕಳಿದ್ದರೆ ಟೀ ತೋಟಗಳ ನಡುವೆ ಹುಲಿಕಲ್ಲು ದುರ್ಗದ ಹಾದಿ.

ಜೊತೆಗೆ ಒಯ್ಯುವುದು, ಬಿಡುವುದು

ಜಿಲ್ಲೆಯಲ್ಲಿ ಬಳಸಿ ಬಿಸಾಡುವ ಪ್ಲಾಸ್ಟಿಕ್ ಮತ್ತು ಸಣ್ಣ ನೀರಿನ ಬಾಟಲಿ ನಿಷಿದ್ಧ. ತಪಾಸಣೆಯಲ್ಲಿ ಸಿಕ್ಕಿದರೆ ದಂಡ. ಮನೆಯಿಂದ ಸ್ಟೀಲ್ ಬಾಟಲಿ ಒಯ್ಯಿರಿ, ತುಂಬಿಸಿಕೊಳ್ಳಲು ಅಲ್ಲಲ್ಲಿ ನೀರಿನ ಯಂತ್ರಗಳಿವೆ. ಬುತ್ತಿಯನ್ನೂ ಡಬ್ಬಿಯಲ್ಲೇ ಕಟ್ಟಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಕೆಡುವುದಿಲ್ಲ. ಘಾಟಿ ಹತ್ತುವ ಮುನ್ನ ಮಕ್ಕಳಿಗೆ ಹೊಟ್ಟೆ ಬಿರಿಯ ತಿನ್ನಿಸಬೇಡಿ; ಮಧ್ಯೆ ಒಮ್ಮೆ ಇಳಿಸಿ ಗಾಳಿಗೆ ನಿಲ್ಲಿಸಿದರೆ ವಾಂತಿ ಕಡಿಮೆ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಬರೀ ಬ್ರೇಕಿನ ಮೇಲೆ ನಂಬಿಕೆ ಇಡಬೇಡಿ.

ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವುದು, ಇಳಿಯುವುದು, ಕೋತಿ ಜಿಂಕೆಗಳಿಗೆ ತಿನ್ನಿಸುವುದು ತಪ್ಪು, ದಂಡವೂ ಬೀಳುತ್ತದೆ. ಕೂನೂರು, ಕೋತಗಿರಿಯ ಟೀ ತೋಟಗಳಲ್ಲಿ ಕಾಟಿಗಳು ಹಗಲಲ್ಲೇ ಮೇಯುತ್ತವೆ. ನೋಡಲು ಎಮ್ಮೆಯಂತೆ ಸಾಧುವಾಗಿ ಕಂಡರೂ ಹತ್ತಿರ ಹೋಗಿ ಫೋಟೊ ತೆಗೆಯಬೇಡಿ. ಬೆಳಕು ಚೆನ್ನಾಗಿ ಹರಿದ ಮೇಲೆ ನಡಿಗೆಗೆ ಹೊರಟು ಸಂಜೆ ಐದರೊಳಗೆ ಮರಳಿ ಬನ್ನಿ.

ತೋಡರ ಮಂದುಗಳೂ ಬಡಗರ ಹಟ್ಟಿಗಳೂ ಜನ ಬಾಳುವ ಊರುಗಳು. ಕೇಳದೆ ಗುಡಿಯೊಳಗೆ ಹೋಗುವುದು, ಮನೆಮಂದಿಯ ಚಿತ್ರ ತೆಗೆಯುವುದು ಬೇಡ. ಡಿಸೆಂಬರ್, ಜನವರಿಯಲ್ಲಿ ಬಡಗರ ಹೆತ್ತೆ ಹಬ್ಬದ ಹೊತ್ತಿಗೆ ಅಲ್ಲಿದ್ದರೆ ಊರವರನ್ನು ಕೇಳಿ, ಅವರು ಹೇಳಿದ ಜಾಗದಲ್ಲಿ ನಿಂತು ನೋಡಿ. ತೋಡರ ಕೆಂಪು ಕಪ್ಪು ಕಸೂತಿಯ ಶಾಲು ಬೇಕಿದ್ದರೆ ಹೆಣೆದವರಿಂದಲೇ ಕೊಳ್ಳಿ; ಈ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ.

ಹೋಗಿ ಬಂದ ಸದಸ್ಯರು ರಸ್ತೆ, ಪಾಸು, ಸಮಯಗಳಲ್ಲಿ ಕಂಡ ಬದಲಾವಣೆಗಳನ್ನು ಸಂಘಕ್ಕೆ ಬರೆದು ತಿಳಿಸಿ. ಮುಂದೆ ಹೊರಡುವ ಕುಟುಂಬಗಳಿಗೆ ಅನುಕೂಲವಾಗುವಂತೆ ಇಲ್ಲಿ ಸೇರಿಸುತ್ತೇವೆ.