ಹೊಸ್ತಿಲಾಚೆ ನಿಂತವರ ಚರಿತ್ರೆ

ಹಾಸನ ಜಿಲ್ಲೆಯಲ್ಲಿ ಚರಿತ್ರೆ ಎಂದ ಕೂಡಲೆ ಎಲ್ಲರ ಬೆರಳೂ ಬೇಲೂರು-ಹಳೇಬೀಡಿನ ಕಡೆ ತಿರುಗುತ್ತದೆ. 2023ರಲ್ಲಿ ಯುನೆಸ್ಕೋ ಅಲ್ಲಿನ ಗುಡಿಗಳನ್ನೂ ಸೋಮನಾಥಪುರದ ಗುಡಿಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಲಿ, ಬೇಡವೆಂದವರು ಯಾರು? ಕಲ್ಲು ಹೊತ್ತ ಬೆನ್ನಿಗೂ ಅದರಲ್ಲಿ ಪಾಲಿದೆ. ಆದರೆ ಹಾಸನದ ಆಲೂಗಡ್ಡೆ ಮಂಡಿ, ಹೊಳೆನರಸೀಪುರದ ಭತ್ತದ ಅಂಗಡಿ, ಅರಕಲಗೂಡು ಸೀಮೆಯ ಹೊಗೆಸೊಪ್ಪಿನ ಗೋದಾಮು, ಚನ್ನರಾಯಪಟ್ಟಣದ ಕೊಬ್ಬರಿ ಮಳಿಗೆ, ಇಂಥವಕ್ಕೆ ಚರಿತ್ರೆ ಇಲ್ಲವೆ? ಹಳೆಯ ಮಳಿಗೆ ಉರುಳುವಾಗ "ಹೋಗ್ಲಿ ಬಿಡಿ, ಹಳೇ ಅಂಗಡಿ" ಅಂದುಬಿಡುತ್ತೇವೆ. ಅದು ಚರಿತ್ರೆಯೋ ಅಲ್ಲವೋ ಎಂದು ತೀರ್ಮಾನಿಸುವ ಅಳತೆಗೋಲು ಯಾರ ಕೈಯಲ್ಲಿದೆ?

1958ರ ಕೇಂದ್ರ ಸ್ಮಾರಕ ಕಾಯ್ದೆ ಮುಖ್ಯವಾಗಿ ಎರಡು ಮಾತು ಕೇಳುತ್ತದೆ. ಕಟ್ಟಡಕ್ಕೆ ನೂರು ವರ್ಷ ತುಂಬಿದೆಯೆ? ಅದಕ್ಕೆ ಚರಿತ್ರೆಯ, ಪುರಾತತ್ವದ ಅಥವಾ ಕಲೆಯ ಮಹತ್ವ ಇದೆಯೆ? ವರ್ಷವನ್ನು ಯಾರು ಬೇಕಾದರೂ ಎಣಿಸಬಹುದು. ಮಹತ್ವದ ಪ್ರಶ್ನೆ ಬಂದಾಗ ಮಾತ್ರ ಕಣ್ಣು ಸೀದಾ ಕಮಾನಿಗೆ, ಕಂಬಕ್ಕೆ, ಕಟ್ಟಿಸಿದ ದೊರೆಯ ಹೆಸರಿಗೆ ಹೋಗುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ವೈಸರಾಯ್ ಹೆಸರು ಹೊತ್ತ ಲ್ಯಾನ್ಸ್‌ಡೌನ್ ಕಟ್ಟಡದ ವಿಷಯದಲ್ಲಿ ವರ್ಷಗಟ್ಟಲೆ ನಡೆದ ಜಗಳದಲ್ಲೂ ಹೆಚ್ಚಾಗಿ ಕೇಳಿಸಿದ್ದು ಗಾರೆಯ ಮಾತು, ಗೋಡೆಯ ಬಲದ ಮಾತು. ಅಲ್ಲಿ ಮೂಟೆ ಹೊತ್ತವರ ಮಾತು ಕೇಳಿಸಿದ್ದು ಕಡಿಮೆ.

ನಮ್ಮ ಅಳತೆ ಹೊಸ್ತಿಲಿನಿಂದ ಶುರುವಾಗಬೇಕು. ಹಳೆಯ ಪೇಟೆ ಅಂಗಡಿಯ ಕಟ್ಟಡವನ್ನು ಗಮನಿಸಿ. ಬೀದಿಗೆ ಒಂದು ಮೆಟ್ಟಿಲು, ಆಮೇಲೆ ಜಗಲಿ, ಆಮೇಲೆ ಹಲಗೆ ಬಾಗಿಲು, ಒಳಗೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಉಗ್ರಾಣ. ಇದು ಬರೀ ವ್ಯಾಪಾರದ ಅನುಕೂಲಕ್ಕೆ ಕಟ್ಟಿದ್ದೆ? ಯಾರು ಬೀದಿಯಲ್ಲಿ, ಯಾರು ಜಗಲಿಯ ಮೇಲೆ, ಯಾರು ಒಳಗೆ ಎನ್ನುವುದನ್ನು ಈ ಮೆಟ್ಟಿಲುಗಳು ವಿಂಗಡಿಸುತ್ತಿದ್ದವು. "ಅಲ್ಲೇ ನಿಂತ್ಕಳ್ಲಾ" ಎನ್ನುವುದು ಎಷ್ಟೋ ಊರುಗಳ ಅಂಗಡಿಯ ಕಾನೂನಾಗಿತ್ತು. ಕಾಸನ್ನು ಕೆಳಗಿಡಬೇಕು, ಸಾಮಾನನ್ನು ಮೇಲಿಂದ ಹಾಕಿಸಿಕೊಳ್ಳಬೇಕು. ರಾಗಿಗೆ ಮೈಲಿಗೆ ಇರಲಿಲ್ಲ, ರಾಗಿ ಬೆಳೆದವನಿಗೆ ಇತ್ತು. ಹೋಟೆಲಿನಲ್ಲಾದರೆ ಬೇರೆ ಲೋಟ, ಕುಡಿದವನೇ ತೊಳೆದಿಡಬೇಕು. ಇನ್ನು ಸಾಲದ ಪುಸ್ತಕ. ಅದರ ಒಂದು ಹೆಬ್ಬೆಟ್ಟಿನ ಗುರುತಿನ ಹಿಂದೆ ಒಂದು ಸಂಸಾರದ ಜೀತ ಇರಬಹುದು.

ಮೈಸೂರು ಸಂಸ್ಥಾನ 1943ರಲ್ಲೇ ಇಂಥ ನಿರ್ಬಂಧಗಳ ವಿರುದ್ಧ ಕಾಯ್ದೆ ಮಾಡಿತ್ತು. 1950ರ ಸಂವಿಧಾನದ 15ನೇ ವಿಧಿ, ಬಾವಿ-ಕೆರೆಗಳ ಮಾತಿಗಿಂತ ಮೊದಲು ಅಂಗಡಿ-ಹೋಟೆಲುಗಳನ್ನು ಹೆಸರು ಹಿಡಿದು ಹೇಳುತ್ತದೆ. ಹೋಟೆಲಿನ ಲೋಟ-ತಟ್ಟೆ ಕೂಡ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೊಳಗೆ ಬಂತು. ಕಾಗದದ ಮೇಲಿನ ಈ ಅಕ್ಷರ ನಿಜವಾಯಿತೋ ಸುಳ್ಳಾಯಿತೋ ಎಂದು ಪರೀಕ್ಷೆಯಾದದ್ದು ಇದೇ ಹೊಸ್ತಿಲುಗಳ ಮೇಲೆ. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಊರಿನ ಹೋಟೆಲಿಗೂ ಗುಡಿಗಳಿಗೂ ಕಾಲಿಡಲು 2021 ಬರಬೇಕಾಯಿತು, ಅದೂ ಅಧಿಕಾರಿಗಳ, ಪೊಲೀಸರ ಸಮ್ಮುಖದಲ್ಲಿ. ಈ ಹೊಸ್ತಿಲುಗಳಿಗೆ ಚರಿತ್ರೆ ಇಲ್ಲ ಅನ್ನುವುದು ಹೇಗೆ?

ಬೇರೆ ದೇಶದಲ್ಲಿ ಇದನ್ನು ಅರಿತವರಿದ್ದಾರೆ. ಅಮೆರಿಕಾದ ಗ್ರೀನ್ಸ್‌ಬರೋ ಊರಿನ ವೂಲ್ವರ್ತ್ ಅಂಗಡಿಯಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕಟ್ಟೆ ಇತ್ತು. 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮಾರನೆಯ ದಿನ ಇನ್ನಷ್ಟು ಜನ ಬಂದರು. ಜುಲೈಯಲ್ಲಿ ಅಂಗಡಿ ಸೋತಿತು. 1993ರಲ್ಲಿ ಅಂಗಡಿ ಮುಚ್ಚಿದಾಗ ಆ ಕಟ್ಟಡವನ್ನು ಕೆಡವುವ ಮಾತು ಬಂತು. ಜನ ಬಿಡಲಿಲ್ಲ. 2010ರಲ್ಲಿ ಅದು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಯಿತು. ಅದನ್ನು ಉಳಿಸಿದ್ದು ಅಲ್ಲಿ ಕೂತವರ ಧೈರ್ಯ.

"ನಮ್ಮನ್ನು ಹೊರಗಿಟ್ಟ ಕಟ್ಟಡವನ್ನು ನಾವ್ಯಾಕೆ ಕಾಯಬೇಕು?" ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮವರ ಮಣ್ಣಿನ ಗೋಡೆಗಳು ಮಳೆಗೆ ಕರಗಿಹೋದವು. ಉಳ್ಳವರ ಸುಣ್ಣಗಾರೆ ಉಳಿಯಿತು. ನಮ್ಮ ಅವಮಾನಕ್ಕೂ ಹೋರಾಟಕ್ಕೂ ಇವತ್ತು ಸಾಕ್ಷಿ ಆ ಗಾರೆಯೇ. ಸಾಕ್ಷಿಯನ್ನು ಕಾಪಾಡಿದ ಮಾತ್ರಕ್ಕೆ ಯಜಮಾನನಿಗೆ ಆರತಿ ಎತ್ತಿದಂತಾಗುವುದಿಲ್ಲ. ಹಾಗಂತ ಪ್ರತಿ ಹಳೇ ಅಂಗಡಿಯನ್ನೂ ಉಳಿಸಬೇಕಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ಬೀಳುವ ಗೋಡೆಗಿಂತ ಜೀವ ದೊಡ್ಡದು. ಕೆಡವಲೇಬೇಕಾದರೆ ಮೊದಲು ಬರೆದಿಟ್ಟುಕೊಂಡು ಕೆಡವಬೇಕು.

ಹಳ್ಳಿ ಮೇಷ್ಟರುಗಳು, ವಿದ್ಯಾರ್ಥಿಗಳು ಇದನ್ನು ಮಾಡಬಹುದು. ನಿಮ್ಮೂರಿನ ಹಳೆಯ ಅಂಗಡಿಯ ಮುಂದೆ ನಿಂತು ಕೇಳಿ: ದುಡ್ಡು ಯಾವ ಬೆಳೆಯಿಂದ, ಯಾರ ದುಡಿಮೆಯಿಂದ ಬಂತು? ಗೋಡೆ ಕಟ್ಟಿದವರು ಯಾರು? ಯಾರು ಎಲ್ಲಿಯವರೆಗೆ ಬರಬಹುದಿತ್ತು? ಆ ಗೆರೆ ಅಳಿಸಿದ್ದು ಯಾವಾಗ, ಯಾರಿಂದ? ಪುರಸಭೆಯ ಖಾತೆ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟೀತು. ಮಿಕ್ಕದ್ದು ಕೇರಿಯ ಅಜ್ಜಿ-ತಾತಂದಿರ ಬಾಯಲ್ಲಿದೆ. ಗೋಡೆ ಬೀಳುವುದಕ್ಕೆ ಮುಂಚೆ ಅವರನ್ನು ಕೇಳಿ.