ಮನಿ ಪ್ಲಾಂಟ್

ಮನಿ ಪ್ಲಾಂಟ್ (ಎಪಿಪ್ರೆಮ್ನಮ್ ಆರಿಯಮ್): ಕೆಸುವಿನ ಕುಟುಂಬವಾದ ಅರೇಸಿಗೆ ಸೇರಿದ ನಿತ್ಯಹಸಿರು ಬಳ್ಳಿ. ಎಲೆಯ ಚೆಲುವಿಗಾಗಿ ಮನೆಯೊಳಗೆ ಬೆಳೆಸುವ ಉಷ್ಣವಲಯದ ಸಸ್ಯಗಳಲ್ಲಿ ಬಹು ಜನಪ್ರಿಯ. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಶಿಯಾದ ಮೊರೆಯಾ ದ್ವೀಪ ಇದರ ತವರು. 1880ರಲ್ಲಿ ಪೋಥಾಸ್ ಆರಿಯಸ್ ಎಂದು ಹೆಸರಿಸಲಾಯಿತು. ಈಗಿನ ಹೆಸರು ಬಂದದ್ದು 1960ರ ದಶಕದಲ್ಲಿ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಹಾರ್ಮೋನು ಇದರಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಹಾಗಾಗಿ ಹೂ ಅತ್ಯಪರೂಪ, ಗೆಣ್ಣಿನಿಂದಲೇ ಸಸ್ಯಾಭಿವೃದ್ಧಿ.

ಲಕ್ಷಣ: ಕುಂಡದಲ್ಲಿ ಅಂಗೈಯಗಲದ, ಹೃದಯಾಕಾರದ, ಹಳದಿ ಮಚ್ಚೆಗಳ ಎಲೆ ಬಿಡುತ್ತದೆ. ತೇವವಿರುವ ಬಯಲಿನಲ್ಲಿ ಗಾಳಿಬೇರು ಊರಿ ಮರವೇರಿದರೆ 20 ಮೀ. ಎತ್ತರ ತಲುಪುತ್ತದೆ. ಆಗ ಎಲೆ ಸೀಳುಸೀಳಾಗಿ ಬಹಳ ದೊಡ್ಡದಾಗುತ್ತದೆ. ಶ್ರೀಲಂಕಾದಲ್ಲಿ ಇದು ಕಾಡಿಗೆ ನುಗ್ಗಿದ ಕಳೆ.

ವಿಜಯಪುರ ಸೀಮೆಯಲ್ಲಿ: ವಿಜಯಪುರ ನಗರ, ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಸುತ್ತಿನ ನೆಲ ದಖನ್ನಿನ ಒಣ ಬಯಲು. ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆ. ದಾಟುವುದುಂಟು. ಬೆಳೆಗಾರರು ಶೆಡ್ಡಿನ ನೆರಳಲ್ಲೇ ದ್ರಾಕ್ಷಿ ಒಣಗಿಸಲು ನೆರವಾಗುವ ಒಣಗಾಳಿಯೇ ಈ ಬಳ್ಳಿಯ ಎಲೆತುದಿಯನ್ನು ಕಂದಿಸುತ್ತದೆ. ಕಂದಿದ ಎಲೆ ನೋಡಿ ಬುಡಕ್ಕೆ ಮತ್ತೆ ಮತ್ತೆ ನೀರು ಸುರಿದರೆ ಬೇರು ಕೊಳೆಯುತ್ತದೆ. ತೇವ ಬೇಕಿರುವುದು ಸುತ್ತಲಿನ ಗಾಳಿಗೆ. ಕುಂಡಗಳನ್ನು ಒತ್ತಾಗಿಟ್ಟು, ಪಕ್ಕದಲ್ಲಿ ನೀರು ತುಂಬಿದ ಅಗಲ ತಟ್ಟೆ ಇಡಬಹುದು. ನೀರಿನ ಕೂಲರ್ ಇರುವ ಕೋಣೆಯೂ ಹಿತ, ಆದರೆ ಅದರ ಗಾಳಿ ಎಲೆಗೆ ನೇರ ಬಡಿಯಬಾರದು.

ಬೆಳಕು: ಕಿಟಕಿಯ ಬಳಿಯ ಸೋಸಿದ ಬೆಳಕು ಸಾಕು. ಪಡುವಣ ಕಿಟಕಿಯ ಬೇಸಿಗೆ ಬಿಸಿಲು ಎಲೆಯನ್ನು ಸುಡುತ್ತದೆ. ತೀರ ಕತ್ತಲಾದರೆ ಮಚ್ಚೆ ಮಾಸಿ ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ. 10 ಡಿಗ್ರಿಗಿಂತ ಕಡಿಮೆ ಚಳಿ ಹಾನಿಕರವಾದ್ದರಿಂದ ಡಿಸೆಂಬರ್–ಜನವರಿಯ ರಾತ್ರಿ ಕಿಟಕಿ ಮುಚ್ಚುವುದು ಒಳಿತು.

ಮಣ್ಣು, ನೀರು: ಹೊಲದ ಎರೆಮಣ್ಣು ಒಂದನ್ನೇ ತುಂಬಬಾರದು, ಅದು ನೆನೆದಾಗ ಉಬ್ಬಿ ಗಾಳಿ ತಡೆಯುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಬೇಕು. ಬೆರಳೂರಿ ನೋಡಿ, ಮೇಲಿನ ಒಂದು ಅಂಗುಲ ಒಣಗಿದ ಮೇಲೆಯೇ ನೀರು ಕೊಡಬೇಕು. ಬೋರ್‌ವೆಲ್‌ನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಹಿಡಿದಿಟ್ಟ ಮಳೆನೀರನ್ನು ತಳದಿಂದ ಹರಿದುಹೋಗುವಷ್ಟು ಹೊಯ್ದರೆ ಅದು ತೊಳೆದುಹೋಗುತ್ತದೆ.

ಸಸ್ಯಾಭಿವೃದ್ಧಿ: ಗೆಣ್ಣು ಉಳಿಸಿ ಕತ್ತರಿಸಿದ ತುಂಡನ್ನು ನೀರಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಬೇರೊಡೆಯುತ್ತದೆ. ಗೆಣ್ಣಿಲ್ಲದ ಬರಿಯ ಎಲೆ ಬೇರು ಬಿಟ್ಟರೂ ಬಳ್ಳಿಯಾಗದು.

ಕೀಟ: ಒಣ ಹವೆಯಲ್ಲಿ ನುಸಿ, ಎಲೆಕಂಕುಳಲ್ಲಿ ಹಿಟ್ಟು ತಿಗಣೆ ಸೇರುತ್ತವೆ. ಒದ್ದೆ ಬಟ್ಟೆಯಿಂದ ಎಲೆ ಒರೆಸುವುದು ಮೊದಲ ಉಪಾಯ. ಸಾಬೂನು ನೀರಿನಲ್ಲಿ ಕಲಸಿದ ಬೇವಿನೆಣ್ಣೆ ಸಿಂಪಡಿಸುವುದು ಎರಡನೆಯದು.

ಎಚ್ಚರಿಕೆ: ಕೆಸುವಿನಂತೆ ಇದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ; ಮಕ್ಕಳು, ಬೆಕ್ಕು, ನಾಯಿಗಳಿಗೆ ಎಟುಕದಂತೆ ಇಡಬೇಕು.

ನಂಬಿಕೆ: ಬಳ್ಳಿ ಹಬ್ಬಿದಂತೆ ಮನೆಗೆ ಹಣ ಬರುತ್ತದೆಂಬುದು ಜನಪ್ರಿಯ ನಂಬಿಕೆ. ಕೋಣೆಯ ಗಾಳಿ ಶುದ್ಧವಾಗುತ್ತದೆಂಬ ಪ್ರಚಾರಕ್ಕೆ ನಾಸಾ ಸಂಸ್ಥೆಯ 1989ರ ಪ್ರಯೋಗ ಮೂಲ. ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ವಾಸದ ಮನೆಯಲ್ಲಿ ಕಿಟಕಿ ತೆರೆದರೆ ಆಗುವಷ್ಟು ಪರಿಣಾಮಕ್ಕೆ ಪ್ರತಿ ಚದರ ಮೀಟರಿಗೆ ಕನಿಷ್ಠ 10 ಗಿಡಗಳಾದರೂ ಬೇಕೆಂದು 2019ರ ವಿಮರ್ಶೆಯೊಂದು ಲೆಕ್ಕ ಹಾಕಿದೆ.